ಹದಿನೇಳನೆಯ ಕಂತಿನ ಮುಖ

ಡಬ್ಬಿಯಣ್ಣನ ಬಗ್ಗೆ ಬರೆಯಲು ಕೂತರೆ ಮೊದಲು ನನಗೆ ನನ್ನ ಮೇಲೆಯೇ ಸಿಟ್ಟು ಬರುತ್ತದೆ. ಬರಲಿ ಬಿಡಿ. ಸಿಟ್ಟು ಇಳಿದ ಮೇಲೆ ಬರೆದರಾಯಿತು ಎಂದು ಇಷ್ಟು ವರ್ಷ ಕಾದದ್ದೇ ದಂಡ.

ಅವನು ಟೆಲಿವಿಷನ್ ಕೇಂದ್ರದ ಟೇಪುಕೋಣೆಯಲ್ಲಿ ಮೂವತ್ತೆರಡು ವರ್ಷ ದುಡಿದವನು. ಆಗಿನ ಟೇಪು ಎಂದರೆ ಅಂಗೈಯಲ್ಲಿ ಹಿಡಿಯುವ ಕ್ಯಾಸೆಟ್ಟಲ್ಲ. ಊಟದ ತಟ್ಟೆಗಿಂತ ಅಗಲದ ಸುರುಳಿ, ಅದಕ್ಕೊಂದು ಬೂದು ಬಣ್ಣದ ಡಬ್ಬಿ, ಒಂದನ್ನು ಎತ್ತಿದರೆ ಸೊಂಟ ಹಿಡಿಯುವಷ್ಟು ಭಾರ. ಅಂಥ ನಾಲ್ಕು ಸಾವಿರ ಡಬ್ಬಿಗಳ ನಡುವೆ ಅವನ ಮೇಜು. ಕಪಾಟುಗಳ ಸಂದು ಎಷ್ಟು ಇಕ್ಕಟ್ಟೆಂದರೆ ಓರೆಯಾಗಿ ನಡೆಯಬೇಕು. ಹಾಗೆ ನಡೆದು ನಡೆದು ಅವನು ಬೀದಿಯಲ್ಲೂ ಓರೆಯಾಗಿಯೇ ನಡೆಯುತ್ತಿದ್ದ. “ಅಣ್ಣಾ, ರಸ್ತೆ ಬೇಕಾದಷ್ಟು ಅಗಲ ಇದೆ, ನೆಟ್ಟಗೆ ನಡಿಯೋ” ಎಂದರೆ, “ಅಭ್ಯಾಸ ಕಣೇ ತಂಗ್ಯಮ್ಮ” ಎನ್ನುತ್ತಿದ್ದ. ನನಗೂ ಅವನಿಗೂ ರಕ್ತಸಂಬಂಧವೇನಿಲ್ಲ. ಅಣ್ಣ ಅಣ್ಣ ಎಂದು ಕರೆಯುತ್ತಾ ಬಹುವಚನ ಯಾವಾಗ ಉದುರಿಹೋಯಿತೋ ಇಬ್ಬರಿಗೂ ಗೊತ್ತಾಗಲಿಲ್ಲ.

ನಾನು ಅದೇ ಕೇಂದ್ರದಲ್ಲಿ ಮುಖವಾಡ ಮಾಡುವವಳು. ರಬ್ಬರು ಕಾಯಿಸಿ, ಅಚ್ಚಿಗೆ ಹೊಯ್ದು, ಬಣ್ಣ ಹಚ್ಚಿ, ನಟರ ತಲೆಗೆ ತೊಡಿಸಿ, ಹಿಂದಿನಿಂದ ದಾರ ಬಿಗಿದು ಕಟ್ಟುವುದು. ಆಗ ನಮ್ಮ ಕೇಂದ್ರದಲ್ಲಿ ಅಂತರಿಕ್ಷದ ಹಡಗಿನ ಕಥೆಯೊಂದು ವಾರವಾರ ಬರುತ್ತಿತ್ತು. ಬಡಪಾಯಿ ಹಡಗು! ಗೋಡೆಗಳು ರಟ್ಟಿನವು, ಗುಂಡಿಗಳು ಸೋಡಾ ಬಾಟಲಿಯ ಮುಚ್ಚಳದವು, ಕಪ್ತಾನ ಕೂರುತ್ತಿದ್ದದ್ದು ಕ್ಷೌರದ ಅಂಗಡಿಯಿಂದ ತಂದ ಕುರ್ಚಿಯ ಮೇಲೆ. ಅವನು ಆವೇಶದಲ್ಲಿ ಕೈ ಬೀಸಿದಾಗಲೆಲ್ಲ ಕುರ್ಚಿ ತನ್ನಷ್ಟಕ್ಕೆ ತಿರುಗಿ ಅವನ ಬೆನ್ನು ಕ್ಯಾಮೆರಾಗೆ ಬರುತ್ತಿತ್ತು. ಆದರೂ ಜನ ಮನೆಗೆಲಸ ಬಿಟ್ಟು ನೋಡುತ್ತಿದ್ದರು. ಈಗಲೂ ತಲೆ ನರೆತ ಗಂಡಸರು ಆ ಹಡಗಿನ ಮಾತು ಬಂದರೆ ಮಕ್ಕಳಂತೆ ಆಡುತ್ತಾರೆ.

ಹದಿನೇಳನೆಯ ಕಂತಿನ ಕಥೆ ಹೀಗಿತ್ತು. ಹಡಗು ಕೆಟ್ಟು ಒಂದು ಗ್ರಹದಲ್ಲಿ ಇಳಿಯುತ್ತದೆ. ಅಲ್ಲಿಯವರು ಹುಟ್ಟಿದಂದಿನಿಂದ ಮುಖ ಮುಚ್ಚಿಕೊಂಡೇ ಬದುಕುವವರು. ಇನ್ನೆಂದೂ ಕಾಣಲಾರೆವು ಎಂದು ಖಾತ್ರಿಯಾದವರಿಗೆ ಮಾತ್ರ, ಕೊನೆಯ ಸಲ, ಮುಖ ತೋರಿಸುವುದು ಅವರ ರೀತಿ. ಒಬ್ಬ ಹೆಂಗಸು ಹಡಗಿನವರಿಗೆ ನೆರವಾಗುತ್ತಾಳೆ. ಹಡಗು ಮೇಲೇಳುವಾಗ ಅವಳು ಮುಖವಾಡ ತೆಗೆದು, ಒಂದು ಮಾತೂ ಆಡದೆ, ಸುಮ್ಮನೆ ನೋಡುತ್ತಾ ನಿಲ್ಲುತ್ತಾಳೆ. ಅಲ್ಲಿಗೆ ಕಂತು ಮುಗಿಯುತ್ತದೆ.

ಆ ಪಾತ್ರಕ್ಕೆ ಗೊತ್ತುಮಾಡಿದ್ದ ನಟಿಗೆ ನನ್ನ ರಬ್ಬರು ಆಗಿಬರಲಿಲ್ಲ, ಮುಖವೆಲ್ಲ ದದ್ದು. ನಿರ್ದೇಶಕರು ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ ನಾನೇ ಹೇಳಿದೆ, “ಸರ್, ನಮ್ಮ ಟೆಲಿಫೋನ್ ಬೋರ್ಡಿನಲ್ಲಿ ಕೂರ್ತಾರಲ್ಲ, ಡಬ್ಬಿಯಣ್ಣನ ಹೆಂಡ್ತಿ, ಅವರದ್ದೂ ಇದೇ ಎತ್ತರ.” ಅತ್ತಿಗೆಗೆ ಆಗ ಐದು ತಿಂಗಳು. ನಿಲುವಂಗಿ ಸಡಿಲವಿತ್ತು, ಹೊಟ್ಟೆ ಯಾರಿಗೂ ಕಾಣಲಿಲ್ಲ. ಅವಳು ಮೊದಲ ಮಾತನ್ನೇ ಬೋರ್ಡಿನ ಧಾಟಿಯಲ್ಲಿ, “ಯಾರು ನೀವು, ಯಾರು ಬೇಕಾಗಿತ್ತು?” ಎಂದು ರಾಗವಾಗಿ ಎಳೆದಾಗ ಸೆಟ್ಟಿನಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ನಿರ್ದೇಶಕರು ಹಾಗೇ ಇರಲಿ ಎಂದರು.

ಕಂತು ಪ್ರಸಾರವಾದ ಸಂಜೆ ಡಬ್ಬಿಯಣ್ಣನೇ ಯಂತ್ರಕ್ಕೆ ಟೇಪು ಏರಿಸಿದ. ಪ್ರಸಾರದ ಹೊತ್ತಿಗೆ ಅವನ ಕಣ್ಣು ಯಂತ್ರದ ಮೀಟರಿನ ಮುಳ್ಳಿನ ಮೇಲಿರಬೇಕು. ಮುಳ್ಳು ಕೆಂಪು ಗೆರೆ ದಾಟಿದರೆ ಗುಬುಟು ತಿರುಗಿಸಬೇಕು. ಚಿತ್ರ ನೋಡುತ್ತಾ ಕೂತರೆ ಕೆಲಸ ಹೋಗುತ್ತದೆ. ಅತ್ತಿಗೆ ಪಕ್ಕದ ಮನೆಯಲ್ಲಿ ಕೂತು ನೋಡಿದಳಂತೆ. “ಇನ್ನೊಂದಿನ ಟೇಪುಕೋಣೆಗೇ ಬರ್ತೀನಿ, ಇಬ್ಬರೂ ಕೂತು ನೋಡೋಣ” ಎಂದಿದ್ದಳಂತೆ. ಆ ಇನ್ನೊಂದು ದಿನ ಬರಲಿಲ್ಲ. ಹೆರಿಗೆಯಾದ ನಾಲ್ಕನೆಯ ದಿನ ಅತ್ತಿಗೆ ತೀರಿಕೊಂಡಳು. ಮಗು ಉಳಿಯಿತು. ಹೆಣ್ಣುಮಗು, ಚುಕ್ಕಿ ಎಂದು ಕರೆದೆವು.

ಮನೆಯಲ್ಲಿ ಅತ್ತಿಗೆಯದೆಂದು ಇದ್ದದ್ದು ಮದುವೆಯ ಒಂದು ಫೋಟೋ. ಅದರಲ್ಲಿ ಅವಳು ಉಸಿರು ಬಿಗಿಹಿಡಿದು ಮರದ ಕೊರಡಿನ ಹಾಗೆ ನಿಂತಿದ್ದಾಳೆ. ಅವಳು ನಡೆಯುವುದು, ತಿರುಗುವುದು, ಮಾತಾಡುವುದು ಇದ್ದದ್ದು ಆ ಒಂದು ಡಬ್ಬಿಯಲ್ಲಿ. ಡಬ್ಬಿಯಣ್ಣ ಅದನ್ನು ತನ್ನ ಮೇಜಿನ ಪಕ್ಕದ ಕಪಾಟಿನಲ್ಲೇ ಇಟ್ಟುಕೊಂಡ. ಆದರೆ ಒಂದೇ ಒಂದು ಸಲವೂ ಅದನ್ನು ಹಾಕಿ ನೋಡಲಿಲ್ಲ. ಪ್ರತಿ ಸಲ ಓಡಿಸಿದಾಗಲೂ ಟೇಪು ಒಂದಿಷ್ಟು ಸವೆಯುತ್ತದೆ, ಪುಡಿ ಉದುರುತ್ತದೆ, ಅದು ಅವನ ಕಸುಬಿನ ಭಯ. “ಚುಕ್ಕಿಗೆ ಹತ್ತು ತುಂಬಲಿ, ತಿಳುವಳಿಕೆ ಬರಲಿ, ಇಬ್ಬರೂ ಒಟ್ಟಿಗೆ ನೋಡ್ತೀವಿ. ಅಲ್ಲೀವರೆಗೂ ಅದು ಹೊಸದಾಗೇ ಇರ್ಬೇಕು” ಎನ್ನುತ್ತಿದ್ದ. ಸ್ಕೂಲು ಬಿಟ್ಟ ಮೇಲೆ ಚುಕ್ಕಿ ಟೇಪುಕೋಣೆಗೆ ಬಂದು ಮೇಜಿನ ಕೆಳಗೆ ಕೂತು ಲೆಕ್ಕ ಮಾಡುತ್ತಿದ್ದಳು. ಹೋಗುವಾಗ ಆ ಡಬ್ಬಿಯನ್ನು ಒಮ್ಮೆ ತಟ್ಟಿ ಹೋಗುತ್ತಿದ್ದಳು. ಅವಳಿಗೆ ಎಲ್ಲ ಗೊತ್ತಿತ್ತು. ಬೆರಳು ಮಡಿಸಿ ತಿಂಗಳು ಎಣಿಸುತ್ತಿದ್ದಳು.

ಅವಳಿಗೆ ಒಂಬತ್ತೂವರೆ ಆದಾಗ ಮೇಲಿನಿಂದ ಅಪ್ಪಣೆ ಬಂತು. ಹೊಸ ಟೇಪು ದುಬಾರಿ, ಹಳೆಯದನ್ನು ಒರೆಸಿ ಮತ್ತೆ ಬಳಸಿ. ಪ್ರತಿ ಡಬ್ಬಿಯ ಬೆನ್ನಿಗೆ ಚೀಟಿ ಅಂಟಿಸಿ, ‘ಉಳಿಸಿ’ ಅಥವಾ ‘ಅಳಿಸಿ’ ಎಂದು ಬರೆಯಿರಿ. ಹಡಗಿನ ಕಥೆ ನಿಂತು ನನಗೆ ಮುಖವಾಡದ ಕೆಲಸವಿರಲಿಲ್ಲ, ನನ್ನನ್ನು ಚೀಟಿ ಬರೆಯಲು ಟೇಪುಕೋಣೆಗೆ ಕಳಿಸಿದರು. ಅವನು ಹೇಳುತ್ತಾ ಹೋದ, ನಾನು ಕುಂಚದಿಂದ ಕೆಂಪು ಬಣ್ಣದಲ್ಲಿ ದಪ್ಪಗೆ ಬರೆಯುತ್ತಾ ಹೋದೆ. ವಾರ್ತೆ, ಅಳಿಸಿ. ಅಡುಗೆ, ಅಳಿಸಿ. ಹಡಗು ಒಂದು, ಅಳಿಸಿ. ಹಡಗು ಹದಿನೇಳಕ್ಕೆ ಬಂದಾಗ ಅವನು ಮೆಲ್ಲಗೆ, “ಉಳಿಸಿ” ಎಂದ.

ನನಗೆ ‘ಉಳಿಸಿ’ ಎಂಬ ಪುಟ್ಟ ಪದ ಸಾಲದು ಅನ್ನಿಸಿತು. ಅತಿ ಜಾಣೆ ನಾನು! ಯಾರಾದರೂ ಕೈ ಹಾಕಿದರೆ ಎದೆ ಝಲ್ಲೆನ್ನಬೇಕು ಎಂದುಕೊಂಡು, ಒಂದೊಂದು ಅಕ್ಷರವೂ ಬೆರಳುದ್ದ, ‘ಅಳಿಸಬೇಡಿ’ ಎಂದು ಬರೆದೆ. ಡಬ್ಬಿಯ ಬೆನ್ನು ಮೂರಕ್ಷರದಷ್ಟೇ ಅಗಲ. ‘ಅಳಿಸ’ ಬೆನ್ನಿಗೆ ಬಂತು. ‘ಬೇಡಿ’ ಮೂಲೆ ತಿರುಗಿ ಪಕ್ಕಕ್ಕೆ ಹೋಯಿತು. ಅಂಟಿಸಿ, ಅಂಗೈಯಿಂದ ಒತ್ತಿ, ಹೆಮ್ಮೆಯಿಂದ ಒಮ್ಮೆ ನೋಡಿ ಮುಂದಿನ ಡಬ್ಬಿ ಎತ್ತಿಕೊಂಡೆ.

ಚೀಟಿ ಕೆಲಸ ಮುಗಿಯುವಷ್ಟರಲ್ಲಿ ಗೋಡೆಗೆ ಸುಣ್ಣ ಬಳಿಯಬೇಕೆಂದು ಆಳುಗಳು ಬಂದು ಎಲ್ಲ ಡಬ್ಬಿಗಳನ್ನೂ ಹೊತ್ತು ಓಣಿಯಲ್ಲಿ ಸಾಲಾಗಿ ನಿಲ್ಲಿಸಿದರು. ಒಂದಕ್ಕೊಂದು ಒತ್ತಿ, ಬೆನ್ನು ಮಾತ್ರ ಕಾಣುವಂತೆ. ಡಬ್ಬಿಯಣ್ಣನಿಗೆ ಯಾವುದು ಎಲ್ಲಿದೆ ಎಂಬ ಅಂದಾಜು ತಪ್ಪಿತು. ದಿನಕ್ಕೆ ನಲವತ್ತು ಒರೆಸಬೇಕು. ‘ಉ’ ಕಂಡರೆ ಬಿಡು, ‘ಅ’ ಕಂಡರೆ ಎತ್ತು. ಸುರುಳಿ ತೆಗೆದು ಅಯಸ್ಕಾಂತದ ಯಂತ್ರದ ಮೇಲಿಡು, ಗುಂಡಿ ಒತ್ತು, ಬಾಯಲ್ಲಿ ಮೂವತ್ತು ಎಣಿಸು, ಇಳಿಸು. ಆಮೇಲೆ ಹಳೆಯ ಚೀಟಿ ಕಿತ್ತು ಖಾಲಿ ಚೀಟಿ ಅಂಟಿಸು. ಮೂರನೆಯ ದಿನ ಮಧ್ಯಾಹ್ನ, ಒರೆಸಿ ಇಳಿಸಿದ ಒಂದು ಡಬ್ಬಿಯ ಚೀಟಿಯನ್ನು ಉಗುರಿನಿಂದ ಎಬ್ಬಿಸಿ ಎಳೆದ. ಬೆನ್ನಿನಿಂದ ಬಂತು. ಮೂಲೆ ತಿರುಗಿ ಪಕ್ಕದಿಂದಲೂ ಬಂತು. ಅವನು ಅದನ್ನು ಕೈಯಲ್ಲಿ ಹಿಡಿದು ಪೂರ್ತಿ ಓದಿದ. ಮುಚ್ಚಳ ತೆರೆದು ಒಳಗೆ ಬರೆದಿದ್ದ ‘ಹಡಗು ಹದಿನೇಳು’ ಎಂಬುದನ್ನೂ ಓದಿದ.

ನಾನು ಎದುರಿನಲ್ಲೇ ಇದ್ದೆ. ಕಾಲಕೆಳಗಿನ ನೆಲ ಕುಸಿಯಿತು ಎನ್ನುತ್ತಾರಲ್ಲ, ಅದು ಸುಳ್ಳು. ನೆಲ ಗಟ್ಟಿಯಾಗಿಯೇ ಇರುತ್ತದೆ, ಕುಸಿದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವನು ಆ ಸುರುಳಿಯನ್ನು ನೋಡುವ ಯಂತ್ರಕ್ಕೆ ಏರಿಸಿದ. ಪರದೆಯ ಮೇಲೆ ಬರಿಯ ಬಿಳಿ ಚುಕ್ಕೆಗಳ ಕುದಿತ, ಸರ್ರೆಂಬ ಸದ್ದು. ಐವತ್ತು ನಿಮಿಷದ ಕಂತು. ಪೂರ್ತಿ ಐವತ್ತು ನಿಮಿಷ ಅವನು ಅದನ್ನು ನೋಡುತ್ತಾ ಕೂತ. ಎಲ್ಲಾದರೂ ಒಂದು ಕಡೆ ಒರೆಸದೆ ಉಳಿದಿರಬಹುದು ಎಂದು ಕಾಯುತ್ತಿದ್ದ. ಎಲ್ಲೂ ಉಳಿದಿರಲಿಲ್ಲ. ಸುರುಳಿ ಮುಗಿದು ತುದಿ ಪಟಪಟ ಹೊಡೆದುಕೊಳ್ಳತೊಡಗಿದಾಗ ನಾನು ಅವನ ಕಾಲು ಹಿಡಿದುಕೊಂಡು ಅತ್ತೆ.

“ಏಳು ತಂಗ್ಯಮ್ಮ” ಎಂದ. “ಒರೆಸಿದ ಕೈ ನಂದು. ಚುಕ್ಕಿಗೆ ಹಾಗಂತಲೇ ಗೊತ್ತಿರ್ಲಿ. ನೀನು ಬಾಯಿ ಬಿಡ್ಬೇಡ. ತಾಯಿಲ್ಲದ ಮಗು, ಅದಕ್ಕೆ ನಿನ್ನ ಮಡಿಲಾದ್ರೂ ಇರ್ಲಿ.”

ನಾನು ಒಪ್ಪಿಕೊಂಡೆ. ನಾಚಿಕೆಗೆಟ್ಟವಳು, ಒಳಗೊಳಗೇ ಹಗುರವೂ ಆಯಿತು.

ಮರುದಿನ ಅವನು ಮಗಳನ್ನು ಎದುರು ಕೂರಿಸಿಕೊಂಡು ಹೇಳಿದ. ಅವಳು ಅಳಲಿಲ್ಲ. “ಅಪ್ಪಾ, ಅಮ್ಮನ್ನ ನೀನೇ ಅಳಿಸಿಬಿಟ್ಯಾ?” ಎಂದಳು. ಆ ಒಂದು ಮಾತಿಗೆ ಒರೆಸಿಹಾಕುವುದು ಎಂಬ ಅರ್ಥವೂ ಇದೆ, ಕಣ್ಣೀರು ಹಾಕಿಸುವುದು ಎಂಬ ಅರ್ಥವೂ ಇದೆ. ಮಗು ಯಾವ ಅರ್ಥದಲ್ಲಿ ಕೇಳಿತೋ, ಅವನಿಗೆ ಎರಡೂ ನಾಟಿದವು. ಅಂದಿನಿಂದ ಅವಳು ಟೇಪುಕೋಣೆಗೆ ಕಾಲಿಡಲಿಲ್ಲ. ಸ್ಕೂಲು ಬಿಟ್ಟರೆ ನನ್ನ ಮನೆಗೆ ಬರುತ್ತಿದ್ದಳು. ನಾನು ತಲೆ ಬಾಚುತ್ತಿದ್ದೆ, ಹಾಲು ಕಾಯಿಸಿ ಕೊಡುತ್ತಿದ್ದೆ. “ಅತ್ತೆ, ನೀವಾಗಿದ್ರೆ ಹಾಗೆ ಮಾಡ್ತಿರ್ಲಿಲ್ಲ ಅಲ್ವಾ?” ಎಂದು ಒಂದು ಸಲ ಕೇಳಿದ್ದಳು. ನಾನು ಬಾಚಣಿಗೆಯನ್ನು ಸುಮ್ಮನೆ ಎಳೆಯುತ್ತಾ ಹೋದೆ.

ದೊಡ್ಡವಳಾಗಿ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದಳು, ಊರಿನ ಆ ತುದಿಯಲ್ಲಿ ಬೇರೆ ಮನೆ ಮಾಡಿದಳು. ಎರಡು ಮೂರು ತಿಂಗಳಿಗೊಮ್ಮೆ ಅಪ್ಪನನ್ನು ನೋಡಲು ಬರುತ್ತಾಳೆ. ಕುರ್ಚಿಯ ಅಂಚಿನಲ್ಲಿ ಕೂರುತ್ತಾಳೆ. ಔಷಧಿ ತಗೊಂಡ್ಯಾ, ಬಾಡಿಗೆ ಕಟ್ಟಿದ್ಯಾ, ಬರ್ತೀನಿ. ಅಷ್ಟೇ. ಅವನು ಆ ಅರ್ಧಗಂಟೆಗಾಗಿ ಬೆಳಿಗ್ಗೆಯಿಂದ ಇಸ್ತ್ರಿ ಶರ್ಟು ಹಾಕಿಕೊಂಡು ಕಾಯುತ್ತಾನೆ. ಇದನ್ನೆಲ್ಲ ಕಣ್ಣಾರೆ ನೋಡುತ್ತಾ ನಾನು ಮೂವತ್ತೇಳು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದೆ.

ಹೋದ ತಿಂಗಳು ಕೇಂದ್ರದಿಂದ ಫೋನು ಬಂತು. ಯಾವುದೋ ಊರಿನ ಔಷಧಿ ಅಂಗಡಿಯವರೊಬ್ಬರು ತೀರಿಕೊಂಡಿದ್ದರಂತೆ. ಅವರಿಗೆ ಹಡಗಿನ ಕಥೆಯ ಹುಚ್ಚು. ಪ್ರತಿ ವಾರ ಟಿ.ವಿ. ಮುಂದೆ ಟೇಪ್‌ರೆಕಾರ್ಡರ್ ಇಟ್ಟು ಧ್ವನಿ ಹಿಡಿದಿಟ್ಟುಕೊಳ್ಳುತ್ತಿದ್ದರಂತೆ. ಅವರ ಮನೆಯವರು ಕ್ಯಾಸೆಟ್ಟುಗಳನ್ನು ಕೇಂದ್ರಕ್ಕೆ ಕಳಿಸಿದ್ದರು. ಚಿತ್ರವಿಲ್ಲ, ಮಾತು ಮಾತ್ರ. ಒಂದರ ಮೇಲೆ ‘ಹದಿನೇಳು’ ಎಂದಿತ್ತು.

ಡಬ್ಬಿಯಣ್ಣ ಮಗಳಿಗೆ ತಾನೇ ಫೋನು ಮಾಡಿದ. ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ಅವನ ಮಹಡಿಯ ಎರಡು ಕೋಣೆಯ ಮನೆಯಲ್ಲಿ ನಾವು ಮೂವರೂ ಸೇರಿದೆವು. ಕ್ಯಾಸೆಟ್ ಹಾಕುವ ಪೆಟ್ಟಿಗೆ ನನ್ನದು. ಚುಕ್ಕಿಗೆ ಈಗ ನಲವತ್ತಾರು. ತೀರಿಕೊಂಡಾಗಿನ ಅಮ್ಮನಿಗಿಂತ ಇಪ್ಪತ್ತು ವರ್ಷ ದೊಡ್ಡವಳು. ಬಂದವಳೇ, “ಹಾಕಿ ಅತ್ತೆ” ಎಂದಳು. ಕೈಚೀಲ ಕೆಳಗಿಡಲಿಲ್ಲ.

ಮೊದಲು ಗೊರಗೊರ. ಯಾರೋ ಕುರ್ಚಿ ಎಳೆದರು, ಯಾರೋ ಕೆಮ್ಮಿದರು. ಆ ಔಷಧಿ ಅಂಗಡಿಯವರ ಮನೆ. ಆಮೇಲೆ ಹಡಗಿನ ಸಂಗೀತ, ಕಪ್ತಾನನ ಅರಚಾಟ. ಹತ್ತು ನಿಮಿಷ ಕಳೆಯಿತು. ಆಗ, ರಬ್ಬರಿನ ಒಳಗಿನಿಂದ ಬಂದಂತೆ ಸ್ವಲ್ಪ ಮಬ್ಬಾಗಿ, “ಯಾರು ನೀವು, ಯಾರು ಬೇಕಾಗಿತ್ತು?”

“ಇದಾ?” ಎಂದಳು ಚುಕ್ಕಿ.

ಅವನು ತಲೆಯಾಡಿಸಿದ.

ಅವಳು ಕೈಚೀಲ ಕೆಳಗಿಟ್ಟಳು. ಹಿಂದಕ್ಕೆ ಓಡಿಸಿ ಮತ್ತೆ ಕೇಳಿದಳು. ಮತ್ತೊಮ್ಮೆ. “ಇಷ್ಟು ತಮಾಷೆಯಾಗಿ ಮಾತಾಡ್ತಿದ್ಲಾ?” ಎಂದಳು. “ನಂಗೆ ಯಾರೂ ಹೇಳ್ಲೇ ಇಲ್ಲವಲ್ಲ.” ಅಪ್ಪ ಮಗಳು ಒಂದೇ ಪೆಟ್ಟಿಗೆಯ ಮೇಲೆ ಬಗ್ಗಿ ಕೂತಿದ್ದರು. ಅಷ್ಟು ಹತ್ತಿರ ಕೂತದ್ದನ್ನು ನಾನು ಎಷ್ಟೋ ವರ್ಷಗಳಿಂದ ನೋಡಿರಲಿಲ್ಲ. ಅತ್ತಿಗೆಯ ಮಾತು ಎಲ್ಲ ಸೇರಿ ಹನ್ನೊಂದು ಇದ್ದವು.

ಕೊನೆಗೆ ಹಡಗು ಮೇಲೇಳುವ ಸದ್ದು. ನಮ್ಮ ಸೆಟ್ಟಿನಲ್ಲಿ ಅದು ತಗಡಿನ ಹಾಳೆ ಅಲ್ಲಾಡಿಸಿದ ಸದ್ದು. ಆಮೇಲೆ ನಿಶ್ಶಬ್ದ. ಅವಳು ಮುಖವಾಡ ತೆಗೆದು ನೋಡುತ್ತಾ ನಿಲ್ಲುವ ಹೊತ್ತು. ಮಾತಿಲ್ಲ, ಸಂಗೀತವಿಲ್ಲ. ಆ ನಿಶ್ಶಬ್ದದಲ್ಲಿ, ಆ ಕಾಣದ ಮನೆಯಲ್ಲಿ, ಒಂದು ಪುಟ್ಟ ಹುಡುಗಿಯ ದನಿ ಸ್ಪಷ್ಟವಾಗಿ ಕೇಳಿತು.

“ಅಮ್ಮಾ, ಅವರು ಅಳ್ತಾ ಇದಾರಾ, ನಗ್ತಾ ಇದಾರಾ?”

“ಶ್... ಅಪ್ಪ ಬೈತಾರೆ” ಎಂದಿತು ಒಂದು ಹೆಂಗಸಿನ ದನಿ. ಸಂಗೀತ ಬಂತು. ಮುಗಿಯಿತು.

ಚುಕ್ಕಿ ಅಪ್ಪನ ಕಡೆ ತಿರುಗಿದಳು. “ಹೇಳಪ್ಪಾ. ಅಳ್ತಿದ್ಲಾ, ನಗ್ತಿದ್ಲಾ?”

“ನಾನು ನೋಡಿಲ್ಲಮ್ಮ.”

“ನೋಡಿಲ್ಲ ಅಂದ್ರೆ?”

“ಪ್ರಸಾರದ ದಿನ ಮುಳ್ಳು ನೋಡ್ತಿದ್ದೆ. ಆಮೇಲೆ... ನಿನ್ನ ಜೊತೆ ನೋಡೋಣ ಅಂತ ಇಟ್ಟಿದ್ದೆ.”

ಅವಳು ಎದ್ದು ನಿಂತಳು. “ಹತ್ತು ವರ್ಷ! ಹತ್ತು ವರ್ಷ ಕೈಯಳತೆಯಲ್ಲಿತ್ತು, ಒಂದ್ಸಲ ನೋಡ್ಲಿಲ್ಲ ನೀನು? ನೀನಾದ್ರೂ ನೋಡಿ ನಂಗೆ ಹೇಳ್ಬೋದಿತ್ತಲ್ಲಪ್ಪಾ! ನೋಡ್ಲೂ ಇಲ್ಲ, ಉಳಿಸ್ಲೂ ಇಲ್ಲ. ಏನ್ ಮನುಷ್ಯ ನೀನು?”

ಅವನು ತಲೆ ತಗ್ಗಿಸಿ ಬೈಸಿಕೊಳ್ಳುತ್ತಿದ್ದ. ಎಂಬತ್ತು ಹತ್ತಿರ ಬಂದ ಗಂಡಸು, ಇಸ್ತ್ರಿ ಶರ್ಟಿನಲ್ಲಿ. ನನ್ನಿಂದ ತಡೆಯಲಾಗಲಿಲ್ಲ.

“ಅವನನ್ನ ಬೈಬೇಡ ಕಣೇ!” ಎಂದು ಕಿರುಚಿದೆ. “ಮಾಡಿದವಳು ನಾನು. ‘ಉಳಿಸಿ’ ಅಂತ ಬರಿ ಅಂದ, ನಾನು ‘ಅಳಿಸಬೇಡಿ’ ಅಂತ ಬರೆದೆ. ‘ಬೇಡಿ’ ಪಕ್ಕಕ್ಕೆ ಹೋಯ್ತು, ಯಾರಿಗೂ ಕಾಣ್ಲಿಲ್ಲ. ಅವನು ಬೆನ್ನು ನೋಡಿ ಎತ್ತಿಕೊಂಡ. ನಿನ್ನ ಅಪ್ಪನ ತಪ್ಪು ಎಳ್ಳಷ್ಟೂ ಇಲ್ಲ. ಇಷ್ಟು ವರ್ಷ ನನ್ನ ಪಾಲಿನ ಬೈಗುಳ ಅವನು ತಿಂದ, ನಿನ್ನ ಪ್ರೀತಿ ನಾನು ತಿಂದೆ.”

“ತಂಗ್ಯಮ್ಮ!” ಎಂದು ಗದರಿದ ಅವನು. ಜನ್ಮದಲ್ಲಿ ಮೊದಲ ಸಲ ನನ್ನ ಮೇಲೆ ದನಿ ಎತ್ತಿದ. “ಯಾಕೆ ಹೇಳ್ದೆ? ಅವಳಿಗೆ ಇದ್ದದ್ದು ನೀನೊಬ್ಳೇ ಅಲ್ವೇನೇ.”

ಚುಕ್ಕಿ ನಮ್ಮಿಬ್ಬರನ್ನೂ ನೋಡಿದಳು. ಮೆಲ್ಲಗೆ ಅಪ್ಪನ ಪಕ್ಕ ಕೂತಳು. ಅಂಚಿನಲ್ಲಲ್ಲ, ಪೂರ್ತಿ ಕೂತಳು. ಅವನ ತೋಳಿಗೆ ತಲೆ ಆನಿಸಿದಳು. ಇಬ್ಬರೂ ಅತ್ತರು. ನಾನು ದೂರದಲ್ಲಿ ನಿಂತು, ಈಗ ಎದ್ದು ಹೋಗು ಅಂದರೆ ಹೋಗಬೇಕು ಎಂದು ಚಪ್ಪಲಿಯ ಕಡೆ ನೋಡುತ್ತಿದ್ದೆ.

ಅವಳು ಹೋಗು ಎನ್ನಲಿಲ್ಲ. ಕಣ್ಣೊರೆಸಿಕೊಂಡು, “ಅತ್ತೆ, ಸೆಟ್ಟಿನಲ್ಲಿ ನೀವಿದ್ರಿ ಅಲ್ವಾ?” ಎಂದಳು.

“ಇದ್ದೆ.”

“ಮುಖವಾಡ ತೆಗೆದಿದ್ದು ನೀವೇ ಅಲ್ವಾ?”

“ನಾನೇ.”

“ಹಾಗಾದ್ರೆ ನೀವು ಹೇಳಿ. ಅಳ್ತಿದ್ಲಾ, ನಗ್ತಿದ್ಲಾ?”

ಇಬ್ಬರೂ ನನ್ನನ್ನೇ ನೋಡುತ್ತಿದ್ದರು. ನಾನು ಮುಖವಾಡದ ದಾರ ಬಿಚ್ಚುವವಳು. ದಾರ ಇರುವುದು ಹಿಂದೆ. ಕ್ಯಾಮೆರಾಗೆ ಕಾಣದಂತೆ ಅತ್ತಿಗೆಯ ಬೆನ್ನಿಗೆ ಅಂಟಿಕೊಂಡು ಕುಕ್ಕರಗಾಲಲ್ಲಿ ಕೂತು, ಕೈ ಮಾತ್ರ ಮೇಲೆತ್ತಿ ದಾರ ಎಳೆದಿದ್ದೆ. ಅವಳು ಮುಖ ತೋರಿಸುತ್ತಾ ನಿಂತಷ್ಟು ಹೊತ್ತೂ ನನಗೆ ಕಂಡದ್ದು ಅವಳ ಜಡೆ, ಕತ್ತಿನ ಬೆವರು. ಇದು ಡಬ್ಬಿಯಣ್ಣನಿಗೆ ಗೊತ್ತು. ನಾನು ಎಲ್ಲಿ ಕೂರುತ್ತೇನೆ ಎಂದು ಕೇಂದ್ರದಲ್ಲಿ ಎಲ್ಲರಿಗೂ ಗೊತ್ತು. ಅವನು ಕಣ್ಣಲ್ಲೇ ನನ್ನನ್ನು ಬೇಡಿಕೊಳ್ಳುತ್ತಿದ್ದ.

“ನಗ್ತಿದ್ಲು” ಎಂದೆ.

“ನಿಜವಾಗ್ಲೂ?”

“ನಿಜವಾಗ್ಲೂ ಕಣೇ. ಹೊಟ್ಟೆ ಮೇಲೆ ಕೈ ಇಟ್ಕೊಂಡು ನಗ್ತಿದ್ಲು. ಒಳಗೆ ನೀನಿದ್ಯಲ್ಲ.”

ಚುಕ್ಕಿ ಎದ್ದು ಬಂದು ನನ್ನ ಎದುರಿಗೆ ನಿಂತಳು. ಅಂಗಡಿಯಲ್ಲಿ ಗಿರಾಕಿಗಳ ಕಣ್ಣು ಪರೀಕ್ಷಿಸುವಾಗ ನಿಲ್ಲುವಷ್ಟು ಹತ್ತಿರ. ನನ್ನ ಎರಡೂ ಕೆನ್ನೆ ಹಿಡಿದುಕೊಂಡು ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸಿದಳು.

“ಹೇಗೆ ನಗ್ತಿದ್ಲು?” ಎಂದಳು. “ತೋರಿಸಿ ಅತ್ತೆ.”

ಡಬ್ಬಿಯಣ್ಣ ಗೋಡೆಯ ಕಡೆ ತಿರುಗಿಕೊಂಡ. ನಾನು ನಕ್ಕೆ. ಅವಳು ರೆಪ್ಪೆ ಬಡಿಯದೆ ನನ್ನ ಮುಖವನ್ನು ನೋಡುತ್ತಿದ್ದಳು. ಸಾಕು ಎನ್ನಲಿಲ್ಲ, ನಾನೂ ನಿಲ್ಲಿಸಲಿಲ್ಲ.